ಅಮ್ಮನ ಮಂಡಿನೋವೂ ಮೆಟಿಯೋರಾದ ಮೆಟ್ಟಿಲುಗಳೂ

ಗ್ರೀಸಿನಲ್ಲಿ ಬಂಡೆಗಳ ಮೇಲೆ ಮಠಗಳಿರುವ ಜಾಗ ಮೆಟಿಯೋರಾ. ಅಲ್ಲಿಗೆ ಹೋಗುವ ಯೋಚನೆ ಇದ್ದವರು ಮೊದಲು ಎರಡು ವಿಷಯ ನೋಡಿಕೊಳ್ಳಿ. ಯಾವ ಮಠಕ್ಕೆ ವಾರದ ಯಾವ ದಿನ ರಜೆ, ಎಲ್ಲಿ ಎಷ್ಟು ಮೆಟ್ಟಿಲು. ಹೋಟೆಲ್ಲು, ಬಸ್ಸು ಎಲ್ಲ ಆಮೇಲೆ. ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು. ಅವಳಿಗೆ ಮಂಡಿನೋವು, ಆದರೆ ಹಠಕ್ಕೇನೂ ಕಮ್ಮಿಯಿಲ್ಲ. ಹಾಗಾಗಿ ನಾನು ಇಡೀ ಪ್ರವಾಸವನ್ನು ಮೆಟ್ಟಿಲಿನ ಲೆಕ್ಕದಲ್ಲೇ ಜೋಡಿಸಿದೆ.

ಗ್ರೀಸಿನ ಥೆಸಲಿ ಬಯಲಿನ ಅಂಚಿನಲ್ಲಿ ಕಲಂಬಾಕ ಅಂತ ಊರು. ಅದರ ಬೆನ್ನಿಗೇ ಕಂಬದ ಹಾಗೆ ನಿಂತ ಬಂಡೆಗಳು, ಬಂಡೆಗಳ ನೆತ್ತಿಯಲ್ಲಿ ಆರ್ಥೊಡಾಕ್ಸ್ ಅನ್ನುವ ಕ್ರೈಸ್ತ ಪಂಥದ ಮಠಗಳು. ಒಂದು ಕಾಲಕ್ಕೆ 24 ಇದ್ದವಂತೆ, ಈಗ ನಡೆಯುತ್ತಿರುವುದು ಆರು. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಬಂಡೆ ನಮ್ಮ ಕಡೆಯ ಕಪ್ಪು ಕಲ್ಲಿನಂಥದ್ದಲ್ಲ. ಹತ್ತಿರ ಹೋಗಿ ಕೈಯಿಟ್ಟರೆ ಉರುಟು ಉರುಟಾದ ಹೊಳೆಗಲ್ಲುಗಳು ಮರಳಿನಲ್ಲಿ ಹೂತು ಗಟ್ಟಿಯಾಗಿರುವುದು ಗೊತ್ತಾಗುತ್ತದೆ. ಹಳೇ ಕಾಲದ ನದಿ ತಂದು ಸುರಿದದ್ದು.

ಅಥೆನ್ಸಿನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಟೂರುಗಳಿವೆ. ನನಗೆ ಅದು ಇಷ್ಟವಾಗಲಿಲ್ಲ. ಒಂದು ಕಡೆಗೇ ಸುಮಾರು 350 ಕಿ.ಮೀ., ದಿನವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಡೇನಿಯಲ್ ಚಂಡಮಾರುತ ಈ ಭಾಗದ ರೈಲು ಹಳಿಗಳನ್ನು ಹಾಳುಮಾಡಿತ್ತು. ಆದ್ದರಿಂದ ರೈಲು ಹಿಡಿಯುವವರು ಈಗಿನ ವೇಳಾಪಟ್ಟಿ ನೋಡಿಯೇ ಟಿಕೆಟ್ ಮಾಡಿ. ನಾವು ತ್ರಿಕಲಾವರೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಲಂಬಾಕದಲ್ಲೇ ಉಳಿದೆವು. ಪಕ್ಕದ ಕಸ್ತ್ರಾಕಿ ಹಳ್ಳಿಯೂ ಚೆನ್ನಾಗಿದೆ, ಬಂಡೆಗೆ ಇನ್ನೂ ಹತ್ತಿರ.

ಇನ್ನು ರಜೆ. ಆರೂ ಮಠಗಳು ಒಂದೇ ದಿನ ಮುಚ್ಚುವುದಿಲ್ಲ, ರಜೆಯ ದಿನ ಮಠದಿಂದ ಮಠಕ್ಕೆ ಬೇರೆ. ನಾವು ಹೋದಾಗ ಗ್ರೇಟ್ ಮೆಟಿಯೋರಾನ್‌ಗೆ ಮಂಗಳವಾರ ರಜೆ, ವರ್ಲಾಮ್‌ಗೆ ಶುಕ್ರವಾರ. ಚಳಿಗಾಲದಲ್ಲಿ ರಜೆ ಇನ್ನೂ ಜಾಸ್ತಿ. ಈ ಪಟ್ಟಿ ಬದಲಾಗುತ್ತಿರುತ್ತದೆ, ಹೋಟೆಲ್ಲಿನವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಆರ್ಥೊಡಾಕ್ಸ್ ಈಸ್ಟರ್ ಬಹಳ ವರ್ಷ ಬೇರೆ ಚರ್ಚುಗಳ ಈಸ್ಟರ್‌ಗಿಂತ ತಡವಾಗಿ ಬರುತ್ತದೆ. ಆ ವಾರ ಜನವೋ ಜನ, ಅದನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ಅಮ್ಮನಿಗೆ ಹೇಳಿ ಮಾಡಿಸಿದ್ದು ಸೇಂಟ್ ಸ್ಟೀಫನ್, ಸನ್ಯಾಸಿನಿಯರ ಮಠ. ರಸ್ತೆಯಿಂದ ಚಿಕ್ಕ ಸೇತುವೆ ದಾಟಿದರೆ ಬಾಗಿಲು. ಮೊದಲ ದಿನ ಅದನ್ನೇ ಇಟ್ಟುಕೊಂಡೆ. ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆಗೆಯುತ್ತಾರೆ, ಆ ಹೊತ್ತಿಗೆ ಹೋಗಬೇಡಿ. ಹೆಂಗಸರಿಗೆ ಪ್ಯಾಂಟ್ ನಡೆಯಲ್ಲ, ಮೊಣಕಾಲು ಮುಚ್ಚುವ ಸ್ಕರ್ಟೇ ಬೇಕು. ಗಂಡಸರಿಗೆ ಚಡ್ಡಿ ನಡೆಯಲ್ಲ, ತೋಳಿಲ್ಲದ ಬಟ್ಟೆ ಯಾರಿಗೂ ಇಲ್ಲ. ಬಾಗಿಲಲ್ಲಿದ್ದ ಸನ್ಯಾಸಿನಿ ಅಮ್ಮನ ಕಾಟನ್ ಸೀರೆ, ಮೇಲೆ ಹೊದ್ದ ಶಾಲು ನೋಡಿ ತಲೆಯಾಡಿಸಿ ಒಳಗೆ ಬಿಟ್ಟರು. ಜೀನ್ಸ್ ಹಾಕಿದ್ದ ನನಗೆ ಮಾತ್ರ ಹೂವಿನ ಚಿತ್ರದ ಸುತ್ತುಬಟ್ಟೆ ಕೊಟ್ಟರು. ಅಮ್ಮ ಅದನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ.

ವರ್ಲಾಮ್‌ಗೆ ಇನ್ನೂರರ ಹತ್ತಿರ ಮೆಟ್ಟಿಲು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು, ಟೂರ್ ಬಸ್ಸುಗಳು ಇನ್ನೂ ಬಂದಿರಲಿಲ್ಲ. ಅಮ್ಮ ಕೂತು, ಎದ್ದು, ಹತ್ತಿದಳು. ಹಿಂದೆ ಮೆಟ್ಟಿಲೇ ಇರಲಿಲ್ಲ. ಜನರನ್ನೂ ದವಸವನ್ನೂ ಬಲೆಯಲ್ಲಿ ಕೂರಿಸಿ ಹಗ್ಗದಿಂದ ಎಳೆಯುತ್ತಿದ್ದರು. ಬಂಡೆ ಕಡಿದು ಮೆಟ್ಟಿಲು ಮಾಡಿದ್ದು 1920ರ ದಶಕದಲ್ಲಿ. ಆ ರಾಟೆ ಇರುವ ಕಟ್ಟೆಯಿಂದ ಕೆಳಗೆ ಬಗ್ಗಿ ನೋಡಿದರೆ ಹೊಟ್ಟೆ ಝಲ್ಲೆನ್ನುತ್ತದೆ. ಮಳೆನೀರು ಹಿಡಿದಿಡಲು ಸುಮಾರು 12,000 ಲೀಟರಿನ ಓಕ್ ಮರದ ಪೀಪಾಯಿಯೂ ಇದೆ. ಇಷ್ಟು ಎತ್ತರದಲ್ಲಿ ನೀರಿಗೆ ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆಗೆ ಉತ್ತರ ಅದೇ. ಅಮ್ಮ ಚರ್ಚಿಗಿಂತ ಜಾಸ್ತಿ ಹೊತ್ತು ಅದರ ಮುಂದೆ ನಿಂತಿದ್ದಳು.

ಗ್ರೇಟ್ ಮೆಟಿಯೋರಾನ್‌ಗೆ ನಾನೊಬ್ಬಳೇ ಹೋದೆ. ಮೆಟ್ಟಿಲು ಮುನ್ನೂರರ ಆಸುಪಾಸು. ರಸ್ತೆಯಿಂದ ಮೊದಲು ಕೆಳಗಿಳಿದು ಆಮೇಲೆ ಹತ್ತಬೇಕು, ಅಂದರೆ ವಾಪಸ್ ಬರುವಾಗಲೂ ಹತ್ತುವುದು ತಪ್ಪಿದ್ದಲ್ಲ. 14ನೇ ಶತಮಾನದಲ್ಲಿ ಅಥನಾಸಿಯೋಸ್ ಎಂಬ ಸನ್ಯಾಸಿ ಕಟ್ಟಿದ ಮಠ ಇದು, ಆರರಲ್ಲಿ ದೊಡ್ಡದು. ಹಳೇ ಅಡುಗೆಮನೆಯ ಗೋಡೆ ಹೊಗೆ ಹಿಡಿದು ಕರ್ರಗಿದೆ. ಇನ್ನೊಂದು ಕೋಣೆಯಲ್ಲಿ ಹಿಂದಿನ ಸನ್ಯಾಸಿಗಳ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ಚಿಕ್ಕ ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

ಸಮಯ ಒಂದಕ್ಕೇ ಇದ್ದರೆ ನಾನು ಆರಿಸುವುದು ಸೇಂಟ್ ನಿಕೋಲಾಸ್ ಅನಪಫ್ಸಾಸ್. ಜನ ಸುಮ್ನೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬಂಡೆ ಇಕ್ಕಟ್ಟು, ಹಾಗಾಗಿ ಮಠವನ್ನು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ್ದಾರೆ. ಒಳಗೆ ಕ್ರೀಟ್ ದ್ವೀಪದ ಥಿಯೋಫನಿಸ್ 1527ರಲ್ಲಿ ಬರೆದ ಚಿತ್ರಗಳಿವೆ. ಆದಾಮ ಪ್ರಾಣಿಗಳಿಗೆ ಹೆಸರಿಡುವ ಚಿತ್ರವನ್ನು ಹುಡುಕಿ ನೋಡಿ. ಚರ್ಚಿನ ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಕಣ್ತುಂಬ ನೋಡಿಕೊಂಡು ಬರಬೇಕು ಅಷ್ಟೇ.

ಪ್ರತಿ ಮಠಕ್ಕೂ ಬೇರೆ ಟಿಕೆಟ್, ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ದಿನಕ್ಕೆ ಎರಡು ಮಠ ಸಾಕು. ಊರಿಂದ ಮೇಲಕ್ಕೆ ಬಸ್ಸಿದೆ, ಆದರೆ ಕಮ್ಮಿ. ವಯಸ್ಸಾದವರಿದ್ದರೆ ಹೋಗುವಾಗ ಟ್ಯಾಕ್ಸಿ ಮಾಡಿ.

ಊಟದ್ದೊಂದು ಮಾತು. ಸಸ್ಯಾಹಾರಿಗಳಿಗೆ ಅಲ್ಲಿ ದಾರಿಯಿದೆ. ಉಪವಾಸದ ದಿನಗಳಲ್ಲಿ ಆರ್ಥೊಡಾಕ್ಸ್ ಜನ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಆ ಅಡುಗೆಗೆ 'ನಿಸ್ತೀಸಿಮೊ' ಅಂತ ಕೇಳಬೇಕು. ಟೊಮೆಟೊ ಹಾಕಿ ಬೇಯಿಸಿದ ದೊಡ್ಡ ಬಿಳಿ ಕಾಳು, ಬೇಯಿಸಿದ ಸೊಪ್ಪಿಗೆ ಎಣ್ಣೆ-ನಿಂಬೆ ಹಿಂಡಿದ್ದು, ಅಮ್ಮ ಎರಡನ್ನೂ ಇಷ್ಟಪಟ್ಟು ತಿಂದಳು. ಆದರೆ ಅವರ ಉಪವಾಸದಲ್ಲಿ ಆಕ್ಟೋಪಸ್ಸು, ಸೀಗಡಿ ನಡೆಯುತ್ತದೆ. ಅದನ್ನು ಮಾತ್ರ ಬಿಡಿಸಿ ಕೇಳಿಯೇ ಆರ್ಡರ್ ಮಾಡಿ.