ಹಳೆಯ ಎಚ್‌ಪಿಎಲ್‌ಸಿಯಲ್ಲೇ ಮೊಣಕಾಲು ಸವೆತದ ಗುರುತು ಹಿಡಿದಿದ್ದು

ಮೊಣಕಾಲು ಸವೆತವನ್ನು ರಕ್ತದಲ್ಲೇ ಸೂಚಿಸುವ ರೇಷಿಯೋ (ಅಮೈನೋ ಆಮ್ಲಗಳ ಅನುಪಾತ) ಸಿಕ್ಕಿತು. ಮಾಸ್ ಸ್ಪೆಕ್ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಇಲ್ಲದೆ, ಧಾರವಾಡದಲ್ಲೇ, ಧೂಳು ತಿನ್ನುತ್ತಾ ಮೂಲೆಯಲ್ಲಿ ಬಿದ್ದಿದ್ದ ಎಚ್‌ಪಿಎಲ್‌ಸಿಯಲ್ಲಿ, ಅಂದರೆ ದ್ರವದಲ್ಲಿನ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ. "ಎಕ್ಸ್‌ರೇ ತಗದ್ರ ಎದುರಿಗೇ ಕಾಣ್ತದ, ರಕ್ತದಾಗ ಏನ್ ಹುಡುಕ್ತೀಯೋ" ಅಂತ ನಕ್ಕಿದ್ದ ಆರ್ಥೋ ಡಾಕ್ಟರೇ ಈಗ ತಾವಾಗಿ ಸ್ಯಾಂಪಲ್ ಕಳಿಸುತ್ತಿದ್ದಾರೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮೆದುಮೂಳೆ ಎಷ್ಟೋ ಹೋಗಿರುತ್ತದೆ ಅನ್ನೋದು ಅವರಿಗೂ ಗೊತ್ತು, ಅಲ್ವಾ?

ಹುಡುಕಿದ್ದು ಹೊಸದೇನಲ್ಲ. 2010ರಲ್ಲಿ ಬ್ರಿಟನ್ನಿನ ಅವಳಿ ಹೆಣ್ಣುಮಕ್ಕಳ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕಂಡದ್ದೇ. ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಮೂರು ಅಮೈನೋ ಆಮ್ಲ ಕೂಡಿಸಿ, ನಾಲ್ಕನೆಯದಾದ ಹಿಸ್ಟಿಡಿನ್‌ನಿಂದ ಭಾಗಿಸಿದರೆ, ಮೊಣಕಾಲು ಸವೆದವರಲ್ಲಿ ಜಾಸ್ತಿ ಬರುತ್ತದೆ. ಒಟ್ಟು ನಾಲ್ಕೇ ಪೀಕ್, ಅಂದರೆ ಯಂತ್ರದ ಗ್ರಾಫ್‌ನಲ್ಲಿ ಒಂದೊಂದು ಆಮ್ಲಕ್ಕೆ ಏಳುವ ಒಂದೊಂದು ಶಿಖರ. ಅದಕ್ಕೆ ಹೊರಗಿನ ಲ್ಯಾಬ್ ಒಂದು ಸ್ಯಾಂಪಲ್‌ಗೆ ಹತ್ತಿರಹತ್ತಿರ ಮೂರೂವರೆ ಸಾವಿರ ಕೇಳಿತು. ಆ ದುಡ್ಡು ನನ್ನ ಹತ್ತಿರ ಎಲ್ಲಿಂದ ಬರಬೇಕು?

ಓಪಿಎ (ಅಮೈನೋ ಆಮ್ಲಕ್ಕೆ ಅಂಟಿ ಅದು ಹೊಳೆಯುವಂತೆ ಮಾಡುವ ರಾಸಾಯನಿಕ) ಹಾಕಿ ಆ ಹೊಳಪನ್ನು, ಅಂದರೆ ಫ್ಲೋರೆಸೆನ್ಸ್ ಅನ್ನು, ನೋಡೋದು ಅಂತ ತೀರ್ಮಾನಿಸಿದೆ. ಅಳತೆ ಸರಿಹೊಂದಿಸಲು ಗೊತ್ತಿರುವಷ್ಟು ಬೆರೆಸುವ ಇಂಟರ್ನಲ್ ಸ್ಟ್ಯಾಂಡರ್ಡ್ ನಾರ್‌ವ್ಯಾಲಿನ್. ಓಪಿಎ ಕೂಡಿದ ಮೇಲೆ ಪದಾರ್ಥ ಬಹಳ ಹೊತ್ತು ಕೆಡದೆ ನಿಲ್ಲೋದಿಲ್ಲ. ನಮ್ಮ ಮಷಿನ್‌ಗೆ ಆಟೋಸ್ಯಾಂಪ್ಲರ್ (ತಾನಾಗಿ ಸ್ಯಾಂಪಲ್ ಹಾಕುವ ಭಾಗ) ಇಲ್ಲ, ಹಾಗಾಗಿ ಮೊಬೈಲ್ ಟೈಮರ್ ಇಟ್ಟುಕೊಂಡು ಕೈಯಲ್ಲೇ ಕಲಸಿ, ಪ್ರತಿ ಸಲ ಅಷ್ಟೇ ಸೆಕೆಂಡಿಗೆ ಇಂಜೆಕ್ಟ್ ಮಾಡಬೇಕಾಯಿತು. ಯಂತ್ರದಲ್ಲಿ ಹರಿಸುವ ದ್ರಾವಕ ಅಸಿಟೋನೈಟ್ರೈಲ್‌ನ ಬೆಲೆ ನೋಡಿ ಮೆಥನಾಲ್‌ಗೆ ಇಳಿದೆ. ಪ್ರೆಶರ್ ಏರಿತು, ಕಾಲಂ (ಪದಾರ್ಥಗಳನ್ನು ಬಿಡಿಸುವ ಕೊಳವೆ) ಹೋಯಿತು, ಸುಮಾರು ನಲವತ್ತು ಸಾವಿರ ನೀರಿಗೆ ಬಿತ್ತು. ಆಮೇಲೆ ಎರಡನ್ನೂ ಬೆರೆಸಿ ಹೊಂದಿಸಿದೆ. ಹಿಸ್ಟಿಡಿನ್ ಪೀಕ್ ಹೋಗಿ ಗ್ಲೈಸಿನ್ ಎಂಬ ಬೇರೆ ಅಮೈನೋ ಆಮ್ಲದ ಪಕ್ಕಕ್ಕೇ ಅಂಟಿಕೊಳ್ಳುತ್ತಿತ್ತು. ಬಿಡಿಸಿದ್ದು ಬಫರ್ ಪಿಎಚ್, ಅಂದರೆ ಹರಿಸುವ ದ್ರಾವಣದ ಆಮ್ಲೀಯತೆ. ಎಷ್ಟು ಅಂತ ಮಾತ್ರ ಪೇಪರ್ ಬರುವ ತನಕ ಕೇಳಬೇಡಿ.

ನಿಜವಾಗಿ ಕಾಡಿದ್ದು ಮಷಿನ್ ಅಲ್ಲ, ರಕ್ತದ ಟ್ಯೂಬ್. ಬ್ಯಾಡಗಿ ಕಡೆ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಲ್ಲಿ ಮೊಣಕಾಲು ನೋವಿನವರು ಬೇಕಾದಷ್ಟು ಸಿಕ್ಕರು. ಅಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಧಾರವಾಡಕ್ಕೆ ತಂದರೆ ಎರಡು-ಮೂರು ತಾಸು, ಬಿಸಿಲು, ಕುಲುಕಾಟ. ಬರುವಷ್ಟರಲ್ಲಿ ಕೆಂಪುಕಣ ಒಡೆದು ಸೀರಂ ಕೆಂಪಗೆ. ಮೊದಲ ಕಂತಿನಲ್ಲಿ ಅರ್ಧದಷ್ಟು ಚೆಲ್ಲಿದೆ. ಚೆಲ್ಲುವ ಮುಂಚೆ ಸುಮ್ನೆ ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ನೋಡಿದೆ, ಯಾಕಂದರೆ 2016ರಲ್ಲಿ ಕೆನಡಾದವರು ಈ ರೋಗಿಗಳ ಪ್ಲಾಸ್ಮಾದಲ್ಲಿ ಅದು ಕಡಿಮೆ ಇದೆ ಅಂದಿದ್ದರು. ನಮ್ಮಲ್ಲೂ ಕಡಿಮೆ! ಕುಣಿಯುವ ಹಾಗಿರಲಿಲ್ಲ. ಕೆಂಪುಕಣ ಒಡೆದರೆ ಆರ್ಜಿನೇಸ್ ಎಂಬ ಕಿಣ್ವ ಹೊರಬಂದು ಆರ್ಜಿನಿನ್ ಅನ್ನು ಆರ್ನಿಥಿನ್ ಮಾಡಿಬಿಡುತ್ತದೆ. ನೋವೇ ಇಲ್ಲದ ನನ್ನ ರಕ್ತವನ್ನೂ ಅಲ್ಲಾಡಿಸಿ ಇಟ್ಟು ನೋಡಿದೆ, ಅದೂ ಇಳಿಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಸೀರಂ ಬೇರ್ಪಡಿಸುವ ಯಂತ್ರ) ಒಂದನ್ನು ಹತ್ತು-ಹನ್ನೆರಡು ಸಾವಿರಕ್ಕೆ ತಂದು ಕ್ಯಾಂಪಿಗೇ ಒಯ್ದೆ. ಅರ್ಧ ತಾಸು ಹೆಪ್ಪುಗಟ್ಟಲು ಬಿಟ್ಟು, ಅಲ್ಲೇ ತಿರುಗಿಸಿ, ಸೀರಂ ಮಾತ್ರ ಐಸ್‌ನಲ್ಲಿ ತಂದೆ. ಇಡೀ ಕೆಲಸದಲ್ಲಿ ಅತಿ ಲಾಭದ ಖರ್ಚು ಅದೇ.

ಇನ್ನೊಂದು ತಕರಾರು ಊಟದ್ದು. "ಮುಂಜಾನೆ ಚಾ ಕುಡೀದ ಹ್ಯಾಂಗ ಬರೂದ್ರೀ?" ಅಂತ ಎಲ್ಲರದ್ದೂ ಒಂದೇ ರಾಗ. ಉಂಡು ಬಂದರೆ ಲ್ಯೂಸಿನ್ ಏರಿರುತ್ತದೆ, ಅದರಲ್ಲೂ ನಮ್ಮದು ರೊಟ್ಟಿ ನಾಡು. ಜೋಳದಲ್ಲಿ ಲ್ಯೂಸಿನ್ ಜಾಸ್ತಿ. ಅದಕ್ಕೂ ಪೆಲಾಗ್ರಾ ಎಂಬ ವಿಟಮಿನ್ ಕೊರತೆಯ ರೋಗಕ್ಕೂ ನಂಟಿದೆ ಅಂತ ಹೈದರಾಬಾದಿನ ಸಂಶೋಧಕರು 1960ರ ಸುಮಾರಿಗೇ ವಾದಿಸಿದ್ದರು. ಲ್ಯಾಬಿನ ಹುಡುಗರಿಗೆ ಒಂದು ದಿನ ರೊಟ್ಟಿ, ಒಂದು ದಿನ ಅನ್ನ ಹಾಕಿ ನೋಡಿದೆ. ಉಂಡ ಎರಡು ತಾಸಿಗೆ ರೊಟ್ಟಿಯವರ ಲ್ಯೂಸಿನ್ ಚೆನ್ನಾಗಿ ಮೇಲಿತ್ತು, ಮರುದಿನ ಖಾಲಿ ಹೊಟ್ಟೆಯಲ್ಲಿ ವ್ಯತ್ಯಾಸ ಇಲ್ಲ ಅನ್ನುವಷ್ಟು. ಅಲ್ಲಿಂದ ಖಾಲಿ ಹೊಟ್ಟೆಯವರದ್ದು ಮಾತ್ರ. ರಕ್ತ ತೆಗೆದ ತಕ್ಷಣ ಚಾ, ಉಪ್ಪಿಟ್ಟು ನನ್ನ ಖರ್ಚಿನಲ್ಲಿ.

"ಇದು ಶುಗರ್‌ನ ಗುರುತು, ಮೊಣಕಾಲಿನದಲ್ಲ" ಅಂದವರ ಮಾತಿನಲ್ಲಿ ತೂಕ ಇತ್ತು. ಬೊಜ್ಜು, ಇನ್ಸುಲಿನ್ ತೊಂದರೆ ಇದ್ದರೂ ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಮೂರೂ ಏರುತ್ತವೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.5 ದಾಟಿದವರನ್ನು ಬಿಟ್ಟು, ತೂಕ ಹೊಂದಿಸಿ ಮತ್ತೆ ಲೆಕ್ಕ ಹಾಕಿದೆ. ಅಂತರ ಕುಗ್ಗಿತು, ಹೋಗಲಿಲ್ಲ. ರೇಷಿಯೋ ನೋವಿಲ್ಲದವರಲ್ಲಿ ಐದರ ಆಸುಪಾಸು, ಕೆಎಲ್ ಗ್ರೇಡ್ (ಎಕ್ಸ್‌ರೇ ನೋಡಿ ಸವೆತಕ್ಕೆ ಕೊಡುವ 0ರಿಂದ 4ರ ಅಂಕ) 3-4ರವರಲ್ಲಿ ಆರರ ಹತ್ತಿರ. ಎರಡೂ ಗುಂಪಿನ ಅಂಕಿಗಳು ಸಾಕಷ್ಟು ಒಂದರ ಮೇಲೊಂದು ಬೀಳುತ್ತವೆ, ಒಬ್ಬರ ರಿಪೋರ್ಟ್ ಹಿಡಿದು ನಿಮಗೆ ಸವೆತ ಇದೆ ಅಂತ ಹೇಳಲು ಇದು ಸಾಲದು. ಗ್ರೇಡ್ 1ರವರು ಒಂದೆರಡು ವರ್ಷದಲ್ಲಿ ಎತ್ತ ಹೋಗುತ್ತಾರೆ ಅನ್ನೋದೇ ಈಗಿನ ಕುತೂಹಲ. ಅವರ ಸೀರಂ ಕೂಡಿಡಬೇಕು, ನಮ್ಮ ಫ್ರೀಜರ್ ತುಂಬಿದೆ. ಗದಗ, ಹಾವೇರಿ ಕಡೆ ಯಾರ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಾದರೂ ಒಂದು ರ್ಯಾಕ್ ಜಾಗ ಇದ್ದರೆ ಹೇಳಿ, ಪಿಎಚ್ ಗುಟ್ಟು ಅವರಿಗೆ ಮೊದಲು.