ಸ್ಟಿಯರಿಂಗ್ ಸರ್ವೋಗೆ ಬೇರೆ ಬ್ಯಾಟರಿ: ಕೊನೆಗೂ ಕೆಲಸ ಮಾಡಿದ ವೈರಿಂಗ್

ಚಿಕ್ಕಮಗಳೂರಿನ ನಮ್ಮ ಕಾಫಿ ಕಣದಲ್ಲಿ ಆರ್‌ಸಿ (ರಿಮೋಟ್‌ನಿಂದ ಓಡುವ) ಕಾರು ಓಡಿಸುವಾಗ, ಚಕ್ರ ಪೂರ್ತಿ ತಿರುಗಿಸಿದರೆ ಸಾಕು, ರಿಸೀವರ್ (ಕಾರಿನೊಳಗೆ ರಿಮೋಟ್ ಸಿಗ್ನಲ್ ಹಿಡಿಯುವ ಭಾಗ) ದೀಪ ಆರಿ ಕಾರು ನಿಲ್ಲುತ್ತಿತ್ತು. 20 ಕೆಜಿ ಬಲದ ಸರ್ವೋ (ಚಕ್ರ ತಿರುಗಿಸುವ ಚಿಕ್ಕ ಮೋಟರ್) ಹಾಕಿದ ಮೇಲೆ ಶುರುವಾದ ತೊಂದರೆ ಇದು.

ರಿಮೋಟ್, ರಿಸೀವರ್ ಎರಡನ್ನೂ ಮತ್ತೆ ಬೈಂಡ್ (ಜೋಡಿ) ಮಾಡಿದೆ, ರಿಸೀವರ್ ಬದಲಿಸಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ನನ್ನ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಭಾಗ) ಒಳಗಿನ ಬಿಇಸಿ (ರಿಸೀವರ್, ಸರ್ವೋಗೆ ಕರೆಂಟ್ ಕೊಡುವ ಸರ್ಕ್ಯೂಟ್) ಕೊಡುವುದು 2 ಆಂಪ್. ಸರ್ವೋ ಅದಕ್ಕಿಂತ ಜಾಸ್ತಿ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ.

ಹಾಗಾಗಿ ಸರ್ವೋಗೇ ಬೇರೆ 2ಎಸ್ ಲಿಪೋ (ಎರಡು ಸೆಲ್‌ನ ಲಿಥಿಯಂ ಬ್ಯಾಟರಿ) ಇಟ್ಟೆ. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್, ನನ್ನ ಸರ್ವೋ ತಡೆಯುವುದು 6 ಮಾತ್ರ. ನಡುವೆ 5 ಆಂಪ್ ಯುಬಿಇಸಿ (ವೋಲ್ಟೇಜ್ ಇಳಿಸಿಕೊಡುವ ಬಿಡಿ ಬಿಇಸಿ) ಹಾಕಿ 6 ವೋಲ್ಟ್‌ಗೆ ಇಟ್ಟೆ. ಸರ್ವೋ ಜೋಡಿಸುವ ಮೊದಲೇ ಮೀಟರ್ ಹಿಡಿದು ನೋಡಿ.

ಸರ್ವೋದ ಕೆಂಪು ವೈರ್ ಯುಬಿಇಸಿ ಪ್ಲಸ್‌ಗೆ ಮಾತ್ರ, ರಿಸೀವರ್‌ಗೆ ಹೋಗಲೇಬಾರದು. ಸಿಗ್ನಲ್ ವೈರ್ ರಿಸೀವರ್‌ನ ಚಾನಲ್ 1ಕ್ಕೆ. ಕಪ್ಪು ವೈರ್ ಎರಡೂ ಕಡೆ: ಯುಬಿಇಸಿ ಮೈನಸ್‌ಗೂ, ರಿಸೀವರ್ ಮೈನಸ್‌ಗೂ. ಮೊದಲ ಸಲ ಇದನ್ನೇ ಬಿಟ್ಟಿದ್ದೆ, ಸರ್ವೋ ಸುಮ್ನೆ ನಡುಗುತ್ತಿತ್ತು. ಗ್ರೌಂಡ್ (ಮೈನಸ್) ಒಂದೇ ಆಗದಿದ್ದರೆ ಸರ್ವೋ ಸಿಗ್ನಲನ್ನು ಸರಿಯಾಗಿ ಓದಲಾರದು. ಇಎಸ್‌ಸಿಯ ಮೂರೂ ವೈರ್ ಹಾಗೇ ಇರಲಿ, ರಿಸೀವರ್‌ಗೆ ಕರೆಂಟ್ ಅಲ್ಲಿಂದಲೇ ಬರಬೇಕು ಅಲ್ವಾ.

ಆನ್ ಮಾಡುವ ಕ್ರಮ: ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್), ಇಎಸ್‌ಸಿ, ಆಮೇಲೆ ಸರ್ವೋ ಬ್ಯಾಟರಿ. ಆಫ್ ಮಾಡುವಾಗ ಉಲ್ಟಾ.