ಇಂಜಿನ್ ಬಿಚ್ಚಿದ ಮೇಲೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಕಬ್ಬಿನ ಹಂಗಾಮು ಮುಗಿಯಿತು ಅಂದರೆ ಮುಧೋಳ, ಜಮಖಂಡಿ ಕಡೆ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರ್ ಸಾಲು ಶುರು. ನಾಲ್ಕೈದು ತಿಂಗಳು ಎರಡೆರಡು ಟ್ರೇಲರ್ ಎಳೆದ ಇಂಜಿನ್ ಈಗ ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಬೆಳಿಗ್ಗೆ ಬೇಗ ಚಾಲೂ ಆಗುವುದಿಲ್ಲ. ಬಿಚ್ಚಿದ ದಿನ ಸುತ್ತ ನಿಂತವರಿಂದ ಎರಡು ಮಾತು ಕೇಳುತ್ತೀರಿ. 'ಎಲ್ಲಾ ಹೊಸಾದ ಹಾಕಿಬಿಡ್ರಿ ಕಾಕಾ, ತಲಿಬ್ಯಾನಿ ಇರೂದಿಲ್ಲ' ಅಂತ ಒಬ್ಬರು. 'ರಿಂಗ್ ಅಷ್ಟ ಬದಲಿ ಮಾಡ್ರಿ, ಒಂದ್ ಹಂಗಾಮ ದಾಟತೈತಿ' ಅಂತ ಇನ್ನೊಬ್ಬರು. ಎರಡನ್ನೂ ಹಾಗೇ ಒಪ್ಪಬೇಡಿ. ಯಾವುದು ಉಳಿಯಬೇಕು ಅನ್ನುವುದನ್ನು ಅಳತೆ ಹೇಳಬೇಕು.

ಮೊದಲು: ತೊಳೆಯುವ ಮುಂಚೆ ನೋಡಿ

ಇಂಜಿನ್ ಯಾಕೆ ಕೆಟ್ಟಿತು ಅನ್ನುವುದು ಗೊತ್ತಾಗದೆ ಒಂದು ಭಾಗವನ್ನೂ ಕೊಳ್ಳಬೇಡಿ. ನಮ್ಮ ಟ್ರ್ಯಾಕ್ಟರ್‌ಗೆ ಒಮ್ಮೆ ಲೈನರ್ (ಪಿಸ್ಟನ್ ಓಡುವ ಕೊಳವೆ), ಪಿಸ್ಟನ್, ಅದರ ಸುತ್ತಲಿನ ರಿಂಗ್ ಎಲ್ಲ ಹೊಸದು ಹಾಕಿಸಿದ್ದೆವು. ಮರು ಹಂಗಾಮಿಗೇ ಮತ್ತೆ ಹೊಗೆ. ಎರಡನೇ ಸಲ ಬಿಚ್ಚಿದಾಗ ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪಿನೊಳಗೆ ಬೆರಳು ಹಾಕಿದೆ. ತುದಿಗೆ ಹಿಟ್ಟಿನಂತಹ ಎರೆ ಧೂಳು ಮೆತ್ತಿಕೊಂಡು ಬಂತು. ಪೈಪನ್ನು ಬಾಗಿಸಿದರೆ ಕ್ಲ್ಯಾಂಪಿನ ಬುಡದಲ್ಲಿ ಉಗುರು ಹೋಗುವಷ್ಟು ಸೀಳು. ದುಬಾರಿ ಭಾಗಗಳನ್ನೆಲ್ಲ ಬದಲಿಸಿ, ಇಂಜಿನ್ ಕೆಡಿಸಿದ್ದ ಪೈಪನ್ನು ಮಾತ್ರ ಒರೆಸಿ ವಾಪಸ್ ಹಾಕಿದ್ದೆವು.

ಸವೆತವೇ ಕಾರಣ ಹೇಳುತ್ತದೆ. ಲೈನರಿನ ಮೇಲ್ಭಾಗ ಮತ್ತು ಮೊದಲನೇ ರಿಂಗ್ ಜಾಸ್ತಿ ಸವೆದಿದ್ದರೆ ಧೂಳು ಒಳಗೆ ಹೋಗಿದೆ. ಬೇರಿಂಗಿನ ಬೂದು ಮೈ ಹೋಗಿ ತಾಮ್ರದ ಬಣ್ಣ ಕಾಣುತ್ತಿದ್ದರೆ ಆಯಿಲ್ ಸರಿಯಾಗಿ ತಲುಪಿಲ್ಲ, ಇಲ್ಲವೇ ಕೊಳಕು ಆಯಿಲ್‌ನಲ್ಲೇ ಓಡಿದೆ. ಮೂರರಲ್ಲಿ ಒಂದೇ ಪಿಸ್ಟನ್ ಸುಟ್ಟಿದ್ದರೆ ಆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಮೇಲೆ ಅನುಮಾನ ಪಡಿ.

ಗುರುತು ಹಾಕಿ

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಜೋಡಿ ಎಂದೂ ಅಗಲಬಾರದು. ಎರಡನ್ನೂ ಕೂಡಿಸಿಯೇ ರಂಧ್ರ ಕೊರೆದಿರುತ್ತಾರೆ, ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ದುಂಡಗೆ ಕೂರುವುದಿಲ್ಲ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪ್, ಆ ಬ್ಲಾಕ್‌ಗೂ ಇದೇ ಮಾತು. ವಾಲ್ವ್ ತೆರೆಸುವ ಟ್ಯಾಪೆಟ್, ಪುಷ್ ರಾಡ್‌ಗಳನ್ನು ಉಳಿಸುವುದಾದರೆ ಬಂದ ಜಾಗಕ್ಕೇ ಹೋಗಬೇಕು. ಒಂದು ರಟ್ಟಿಗೆ ತೂತು ಹಾಕಿ, ನಂಬರ್ ಬರೆದು ಸಿಕ್ಕಿಸಿಡಿ, ಅಷ್ಟು ಸಾಕು.

ಯೋಚನೆಯೇ ಬೇಡದವು

ಗ್ಯಾಸ್ಕೆಟ್, ಆಯಿಲ್ ಸೀಲ್, ಓ-ರಿಂಗ್, ಪಿಸ್ಟನ್ ರಿಂಗ್, ಬೇರಿಂಗ್, ಫಿಲ್ಟರ್, ಬ್ಲಾಕಿನ ವೆಲ್ಚ್ ಪ್ಲಗ್ (ನೀರಿನ ದಾರಿಯ ತೂತು ಮುಚ್ಚುವ ತಗಡಿನ ಬಿಲ್ಲೆ). ಇವು ನೋಡಲು ಚೆನ್ನಾಗಿದ್ದರೂ ಬಿಟ್ಟು ಹೊಸದೇ ಹಾಕಿ. ಒಂದು ಸೀಲಿಗೋಸ್ಕರ ಮತ್ತೆ ಇಂಜಿನ್ ಇಳಿಸುವ ಕೂಲಿ ಲೆಕ್ಕ ಹಾಕಿ ನೋಡಿ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬೋಲ್ಟ್‌ಗಳಲ್ಲಿ ಬಿಗಿದಾಗ ಹಿಗ್ಗುವ ಜಾತಿಯವು ಇರುತ್ತವೆ, ಅವನ್ನು ಮತ್ತೆ ಬಳಸುವ ಹಾಗಿಲ್ಲ. ಸಾಮಾನ್ಯ ಬೋಲ್ಟ್ ಆದರೆ ಥ್ರೆಡ್ ನೋಡಿ, ನಡುವೆ ಸಣ್ಣಗಾಗಿದ್ದರೆ ಬಿಡಿ.

ಕ್ರ್ಯಾಂಕ್: ಹೆದರಿ ಬದಲಿಸಬೇಡಿ

ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆ ಮಾಡುವ ದಂಡವೇ ಕ್ರ್ಯಾಂಕ್. ಹಳೇ ಕ್ರ್ಯಾಂಕನ್ನು ಕಂಡು ಜನ ಸುಮ್ನೆ ಹೆದರುತ್ತಾರೆ. ಕಂಪನಿಯ ಒಳ್ಳೆ ಕ್ರ್ಯಾಂಕ್, ಬಿರುಕಿಲ್ಲದೆ ಇದ್ದರೆ, ಹೆಸರೇ ಗೊತ್ತಿಲ್ಲದ ಅಗ್ಗದ ಹೊಸ ಕ್ರ್ಯಾಂಕಿಗಿಂತ ಮೇಲು ಅಂತ ನಾನು ನಂಬಿದ್ದೇನೆ. ಜರ್ನಲ್ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗ) ಮೇಲೆ ಉಗುರು ಅಡ್ಡ ಎಳೆಯಿರಿ. ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಆಮೇಲೆ ಮೈಕ್ರೋಮೀಟರ್ ಹಿಡಿಯಬೇಕು. ಒಂದೊಂದು ಜರ್ನಲ್ಲನ್ನೂ ಎರಡು ದಿಕ್ಕಿನಲ್ಲಿ, ಎರಡೂ ತುದಿಯಲ್ಲಿ ಅಳೆದರೆ ಮೊಟ್ಟೆಯಾಕಾರ ಆಗಿದೆಯೋ, ಒಂದು ಕಡೆ ಇಳಿದಿದೆಯೋ ಗೊತ್ತಾಗುತ್ತದೆ. ಮಿತಿ ಎಷ್ಟು ಅನ್ನುವುದು ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿರುತ್ತದೆ, ಅದನ್ನೇ ಹಿಡಿಯಿರಿ.

ಮಿತಿ ದಾಟಿದ್ದರೆ ಗ್ರೈಂಡಿಂಗ್. ಸಾಮಾನ್ಯವಾಗಿ 0.25 ಮಿ.ಮೀ. ಲೆಕ್ಕದಲ್ಲಿ ಇಳಿಸುತ್ತಾ ಹೋಗುತ್ತಾರೆ, 0.25, 0.50, ಹೀಗೆ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಈಗಾಗಲೇ ಎಷ್ಟು ಇಳಿಸಿದ್ದಾರೆ ಅನ್ನುವುದು ಹಳೇ ಬೇರಿಂಗಿನ ಬೆನ್ನಿನ ಮೇಲೆ ಬರೆದಿರುತ್ತದೆ, ಅದನ್ನು ಎಸೆಯುವ ಮುಂಚೆ ಓದಿಕೊಳ್ಳಿ. ಊರಲ್ಲಿ ನಂಬಿಕೆಯ ಲೇಥ್ ಇಲ್ಲದಿದ್ದರೆ ಬೆಳಗಾವಿಗೆ ಒಯ್ಯಿರಿ. ಉದ್ಯಮಬಾಗ ತುಂಬ ಎರಕದ ಮತ್ತು ಮಷೀನಿಂಗ್ ಕಾರ್ಖಾನೆಗಳೇ, ಮಿಲಿಮೀಟರಿನ ನೂರನೇ ಒಂದು ಭಾಗ ಅನ್ನುವುದು ಆ ಊರಿಗೆ ದಿನದ ಮಾತು. ಗ್ರೈಂಡಿಂಗ್ ಮಾಡುವ ಮುಂಚೆ ಬಿರುಕಿನ ಪರೀಕ್ಷೆ ಕೇಳಿ ಮಾಡಿಸಿ. ವಾಪಸ್ ಬಂದ ಮೇಲೆ ಆಯಿಲ್ ರಂಧ್ರಗಳಿಗೆ ಬ್ರಷ್ ಹಾಕಿ ಉಜ್ಜಿ, ಗಾಳಿ ಹೊಡೆಯಿರಿ. ಅಲ್ಲಿ ಉಳಿದ ಗ್ರೈಂಡಿಂಗ್ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ತಿನ್ನುತ್ತದೆ.

ಲೈನರ್, ಪಿಸ್ಟನ್

ಲೈನರಿನ ಮೇಲಂಚಿನಿಂದ ಉಗುರನ್ನು ಕೆಳಗೆ ಜಾರಿಸಿ. ರಿಂಗ್ ಓಡುವ ಜಾಗ ಶುರುವಾಗುವಲ್ಲಿ ಮೆಟ್ಟಿಲಿನಂತೆ ತಡೆದರೆ ಸವೆತ ಇದೆ. ಖಚಿತ ಮಾಡಿಕೊಳ್ಳಲು ಒಳ ಅಗಲ ಅಳೆಯುವ ಬೋರ್ ಗೇಜ್ ಬೇಕು: ಮೇಲೆ, ನಡುವೆ, ಕೆಳಗೆ, ಒಂದೊಂದು ಕಡೆ ಎರಡು ದಿಕ್ಕು. ಮೂರು ಸಿಲಿಂಡರ್ ಅಂದರೆ 18 ಅಳತೆ, ಎಲ್ಲವನ್ನೂ ಬರೆದಿಡಿ.

ನೀರಿನಲ್ಲೇ ನಿಲ್ಲುವ ಲೈನರ್ ಆದರೆ ಹೊರಮೈಯನ್ನೂ ನೋಡಲೇಬೇಕು. ಒಳಗೆ ಕನ್ನಡಿಯಂತಿದ್ದರೂ ಹೊರಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಂಡಿಗಳು ಬಿದ್ದಿರಬಹುದು. ಇಂಜಿನ್ ಅದುರುವಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆದು ಹೀಗೆ ಕೊರೆಯುತ್ತದೆ. ಅಂಥ ಲೈನರ್ ಒಂದು ದಿನ ತೂತು ಬಿದ್ದು ಆಯಿಲ್‌ಗೆ ನೀರು ಸೇರಿಸುತ್ತದೆ, ಬೇಡವೇ ಬೇಡ. ರೇಡಿಯೇಟರ್‌ಗೆ ಬೋರ್‌ವೆಲ್ಲಿನ ಸವಳು ನೀರು ಹಾಕುವುದನ್ನು ನಿಲ್ಲಿಸಿ, ಕೂಲಂಟ್ ಹಾಕಿ.

ಪಿಸ್ಟನ್ ಉಳಿಸಬಹುದಾ? ರಿಂಗ್ ಕೂರುವ ಗ್ರೂವ್ ಸ್ವಚ್ಛ ಮಾಡಿ, ಮೇಲಿನದರಲ್ಲಿ ಹೊಸ ರಿಂಗ್ ಇಟ್ಟು, ಸಂದು ಅಳೆಯುವ ತೆಳು ಪಟ್ಟಿ ಅಂದರೆ ಫೀಲರ್ ಗೇಜ್ ತೂರಿಸಿ. ಮಿತಿಗಿಂತ ಸಡಿಲ ಇದ್ದರೆ ಎಷ್ಟು ಒಳ್ಳೆಯ ರಿಂಗ್ ಹಾಕಿದರೂ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ.

ಹೆಡ್ ಮತ್ತು ಉಳಿದವು

ಹೆಡ್ಡನ್ನು ನೆಟ್ಟಗಿನ ಪಟ್ಟಿ ಇಟ್ಟು ನೋಡಿ, ಎರಡು ವಾಲ್ವ್ ಸೀಟ್‌ಗಳ ನಡುವೆ ಬಿರುಕು ಹುಡುಕಿ. ವಾಲ್ವನ್ನು ಅದು ಓಡಾಡುವ ಗೈಡಿನಲ್ಲಿ ಅಲುಗಿಸಿ, ಸಡಿಲ ಇದ್ದರೆ ಗೈಡ್ ಬದಲಿಸಿ. ಗ್ರೈಂಡ್ ಆಗಿ ಆಗಿ ವಾಲ್ವಿನ ಅಂಚು ಬ್ಲೇಡಿನಷ್ಟು ತೆಳ್ಳಗಾಗಿದ್ದರೆ ಅದು ಸುಟ್ಟುಹೋಗುತ್ತದೆ. ಜೋಡಿಸಿದ ಮೇಲೆ ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ಪೋರ್ಟಿಗೆ ಸೀಮೆಎಣ್ಣೆ ಸುರಿದು ಸ್ವಲ್ಪ ಹೊತ್ತು ಕಾಯಿರಿ, ಸೋರಬಾರದು.

ಬೇರಿಂಗ್ ಪುಡಿಯಾಗಿದ್ದರೆ ಆಯಿಲ್ ಕೂಲರ್ ಉಳಿಸುವ ಆಸೆ ಬಿಡಿ, ಅದರ ಸಂದುಗಳಲ್ಲಿ ಸೇರಿದ ಲೋಹದ ಪುಡಿ ಪೂರ್ತಿ ಹೊರಗೆ ಬರುವುದಿಲ್ಲ. ಆಯಿಲ್ ಪಂಪಿನ ಗೇರ್ ಸಂದು ಅಳೆಯಿರಿ. ನಾಜಲ್‌ಗಳನ್ನು ಡೀಸೆಲ್ ಪಂಪ್ ರಿಪೇರಿಯವರ ಹತ್ತಿರ ಪರೀಕ್ಷೆ ಮಾಡಿಸಿ. ಥರ್ಮೋಸ್ಟಾಟ್ ಅನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ, ಅದರ ಮೇಲೆ ಬರೆದ ಡಿಗ್ರಿಗೆ ಬಾಯಿ ಬಿಟ್ಟರೆ ಉಳಿಸಿ. ನಮ್ಮ ಕಡೆ ಅದನ್ನು ಕಿತ್ತು ಹಾಕುವ ರೂಢಿ ಇದೆ, ದಯವಿಟ್ಟು ಬೇಡ. ಅದಿಲ್ಲದೆ ತಣ್ಣಗೇ ಓಡುವ ಇಂಜಿನ್ ಬೇಗ ಸವೆಯುತ್ತದೆ.

ಏರ್ ಕ್ಲೀನರಿನ ಪೈಪ್ ಮತ್ತು ಕ್ಲ್ಯಾಂಪ್ ಹೊಸದೇ ತನ್ನಿ. ಅಳತೆ ಬರೆದ ಹಾಳೆಗೆ ತಾರೀಖು, ಮೀಟರಿನ ಗಂಟೆ, ಕ್ರ್ಯಾಂಕ್ ಎಷ್ಟು ಇಳಿಸಿದೆ ಅನ್ನುವುದನ್ನು ಸೇರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೂಲ್ ಬಾಕ್ಸಿನಲ್ಲೇ ಇಡಿ. ಮುಂದಿನ ಸಲ ಬಿಚ್ಚುವ ಮಿಸ್ತ್ರಿ ಮೊದಲು ಕೇಳುವುದು ಅದನ್ನೇ.